ಗೊಂಬೆ ಹಿಡಿದ ಕೈ ಕಾಣಬಾರದು

ಗೊಂಬೆಯನ್ನು ಬಯಲಲ್ಲಿ ನಿಲ್ಲಿಸಿ ಫೋಟೊ ತೆಗೆಯುವವರ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ ಎಂದು ನನ್ನ ಗಂಡ ಹೇಳುತ್ತಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಸೇರಿ ಗೊಂಬೆಯನ್ನು ಬಯಲಲ್ಲಿ ನಿಲ್ಲಿಸಿ ಫೋಟೊ ತೆಗೆಯುವವರು ನಾವಿಬ್ಬರೇ ಆದ್ದರಿಂದ, ಆಗುವುದೆಲ್ಲ ನಮಗೇ ಆಗುತ್ತದೆ.

ನಾವು ಇರುವುದು ಸಿಂಧನೂರಿನಲ್ಲಿ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತೇವೆ. ನಾನು ಮಸ್ಕಿಯಲ್ಲಿ ಇಳಿದು ಆಫೀಸಿಗೆ ಹೋಗುತ್ತೇನೆ, ಅಲ್ಲಿ ಗುಮಾಸ್ತೆ. ಅವರು ಅದೇ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ, ಗೋಡೆಯ ಮೇಲೆ ಬುದ್ಧನ ಫೋಟೊ ಇದೆ. ಮಾವನವರ ಕಾಲಕ್ಕೇ ಹರಕೆ, ಮುಡಿಪು ಎಲ್ಲ ಬಿಟ್ಟ ಮನೆ ನಮ್ಮದು. ಮಕ್ಕಳಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕಡೆ ಯಾರೇ ಸಿಕ್ಕರೂ ಊಟ ಆಯಿತೇ ಎಂದು ಕೇಳಿದ ಮೇಲೆ ಕೇಳುವುದು ಮಕ್ಕಳೆಷ್ಟು ಎಂದೇ. ನೀವೂ ಕೇಳದೆ ಬಿಡುವವರಲ್ಲ.

ಗೊಂಬೆ ಎರಡು ಅಡಿ ಎತ್ತರದ್ದು. ಮಕ್ಕಳು ಆಡುವಂಥದ್ದಲ್ಲ, ಸಂಗ್ರಹ ಮಾಡುವವರು ಕೊಳ್ಳುವಂಥದ್ದು. ಕುತ್ತಿಗೆ, ಭುಜ, ಮೊಣಕೈ, ಸೊಂಟ, ಮೊಣಕಾಲು ಎಲ್ಲ ಕಡೆ ಗುಂಡು ಕೀಲುಗಳು, ಒಳಗೆ ಎಲಾಸ್ಟಿಕ್. ಹೈದರಾಬಾದಿನಲ್ಲಿ ಒಬ್ಬ ಹೆಂಗಸು ತನ್ನ ಸಂಗ್ರಹವನ್ನು ಮಾರುತ್ತಿದ್ದಾಳೆಂದು ಫೋನಿನಲ್ಲಿ ನೋಡಿ, ರಜೆ ಹಾಕಿ ಹೋಗಿ ತಂದೆ. ಎತ್ತಿದರೆ ಆಗ ಹುಟ್ಟಿದ ಕೂಸಿನಷ್ಟು ಭಾರ. ಹಾಗೆಂದು ಹೇಳಿದವರು ಅತ್ತೆ, ಒಮ್ಮೆ ಎತ್ತಿ ನೋಡಿ ಮೆಲ್ಲಗೆ ಕೆಳಗಿಟ್ಟು ಅಡಿಗೆಮನೆಗೆ ಹೋದರು.

ಇಂಥ ಗೊಂಬೆ ಇಟ್ಟುಕೊಂಡವರೆಲ್ಲ ಅದಕ್ಕೊಂದು ಹೆಸರಿಡುತ್ತಾರೆ, ಕೆಲವರು ಹುಟ್ಟುಹಬ್ಬವನ್ನೂ ಮಾಡುತ್ತಾರೆ. ನಾನು ಹೆಸರಿಡಲಿಲ್ಲ. ಪಾಪ, ಹೊಟ್ಟೆಯಲ್ಲಿ ಹುಟ್ಟಲಿಲ್ಲ, ಗೊಂಬೆ ಆಡಿಸುತ್ತಾಳೆ ಎಂದು ಓಣಿಯಲ್ಲಿ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಹೆಸರಿಟ್ಟ ದಿನ ಅವರ ಮಾತು ನಿಜವಾಗುತ್ತದೆ. ನನಗೆ ಫೋಟೊ ಹುಚ್ಚು, ಗೊಂಬೆ ಹೇಳಿದಷ್ಟು ಹೊತ್ತು ನಿಲ್ಲುತ್ತದೆ, ಅಷ್ಟೇ ಎಂದು ಎಲ್ಲರಿಗೂ ಹೇಳಿದೆ. ನನಗೂ ಹೇಳಿಕೊಂಡೆ.

ಹೇಳಿದಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಪೂರ್ತಿ ಸುಳ್ಳು. ತಲೆ ಭಾರ, ಪಾದ ಸಣ್ಣ, ಮೇಲೆ ನಮ್ಮ ಊರಿನ ಗಾಳಿ. ಬೆನ್ನ ಹಿಂದೆ ಕಬ್ಬಿಣದ ಸರಳನ್ನು ನೆಲಕ್ಕೆ ಹೊಡೆದು, ಸೊಂಟಕ್ಕೆ ತಂತಿ ಸುತ್ತಿ, ತಂತಿಯನ್ನು ಸೀರೆಯಲ್ಲಿ ಮುಚ್ಚಬೇಕು. ಕೈ ಮೇಲೆತ್ತಿಸಬೇಕಾದರೆ ಮೀನು ಹಿಡಿಯುವ ಗಾಳದ ದಾರ. ಬೆರಳಲ್ಲಿ ಹೂವೋ ತೆನೆಯೋ ನಿಲ್ಲಬೇಕಾದರೆ ಮೇಣ. ಇದ್ಯಾವುದಕ್ಕೂ ಬಗ್ಗದಿದ್ದರೆ ನನ್ನ ಗಂಡ. ಅವರು ನೆಲದ ಮೇಲೆ ಬೋರಲಾಗಿ ಮಲಗಿ, ಫೋಟೊದ ಅಂಚಿನ ಕೆಳಗಿನಿಂದ ಕೈ ಚಾಚಿ ಗೊಂಬೆಯನ್ನು ಹಿಡಿದುಕೊಳ್ಳುತ್ತಾರೆ. ಈ ಕೆಲಸಕ್ಕೆ ಇರುವುದು ಒಂದೇ ನಿಯಮ. ಹಿಡಿದದ್ದು ಯಾವುದೂ ಫೋಟೊದಲ್ಲಿ ಕಾಣಬಾರದು.

ತೊಡೆ ಕೊಟ್ಟ ಅಜ್ಜಿ

ಬಿಸಿಲು ತಗುಲಿದರೆ ಗೊಂಬೆಯ ಮೈ ಹಳದಿಗೆ ತಿರುಗುತ್ತದೆ. ಅದಕ್ಕೇ ಹೊರಗೆ ಒಯ್ಯುವಾಗ ತಲೆಯಿಂದ ಕಾಲಿನವರೆಗೆ ದುಪ್ಪಟಿಯಲ್ಲಿ ಸುತ್ತುತ್ತೇನೆ. ಬ್ಯಾಗಿನಲ್ಲಿ ಹಿಡಿಸುವುದಿಲ್ಲ, ತೋಳ ಮೇಲೆ ಮಲಗಿಸಿಕೊಂಡೇ ಬಸ್ಸು ಹತ್ತಬೇಕು.

ಒಂದು ಭಾನುವಾರ ಮಸ್ಕಿಗೆ ಹೊರಟಿದ್ದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಕೂಸು ಹಿಡಿದು ನಿಂತವಳನ್ನು ಯಾರೂ ಹಾಗೇ ಬಿಡುವುದಿಲ್ಲ. ಸೀಟು ಬಿಟ್ಟುಕೊಡದಿದ್ದರೂ ಕೂಸನ್ನು ಇಸಿದುಕೊಂಡು ತಮ್ಮ ತೊಡೆಯ ಮೇಲೆ ಹಾಕಿಕೊಳ್ಳುತ್ತಾರೆ, ಯಾರ ಕೂಸು ಎಂದು ಕೇಳುವುದೂ ಇಲ್ಲ. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಅಜ್ಜಿ, ನಾನು ಬಾಯಿ ತೆರೆಯುವುದರೊಳಗೆ ಗೊಂಬೆಯನ್ನು ಇಸಿದುಕೊಂಡುಬಿಟ್ಟಳು.

ಅದು ಗೊಂಬೆ ಅಜ್ಜಿ ಎಂದು ಹೇಳಬೇಕಿತ್ತು. ಆದರೆ ಅಷ್ಟು ಜನರ ನಡುವೆ ಹೇಳಿದರೆ ಬಸ್ಸೆಲ್ಲ ತಿರುಗಿ ನೋಡುತ್ತದೆ, ಗೊಂಬೆ ಯಾಕೆ ಎಂದು ಒಬ್ಬರು ಕೇಳುತ್ತಾರೆ, ಮಕ್ಕಳೆಷ್ಟು ಎಂದು ಇನ್ನೊಬ್ಬರು ಕೇಳುತ್ತಾರೆ. ಸುಮ್ಮನೆ ನಿಂತೆ. ಅಜ್ಜಿ ಒಂದು ಕೈಯಲ್ಲಿ ಗೊಂಬೆಯ ಬೆನ್ನು ತಟ್ಟುತ್ತ ಪಕ್ಕದವಳಿಗೆ ತನ್ನ ಮೊಣಕಾಲು ನೋವಿನ ಕಥೆ ಹೇಳತೊಡಗಿದಳು. ನಡುವೆ ಎಲ್ಲೋ ಬಸ್ಸು ಕುಲುಕಿ ದುಪ್ಪಟಿ ಸರಿದು ಗೊಂಬೆಯ ಪಾದ ಹೊರಗೆ ಬಂತು. ಅಜ್ಜಿಗೆ ಕಣ್ಣು ಅಷ್ಟಕ್ಕಷ್ಟೇ ಇರಬೇಕು, ಕೈಯಿಂದ ಮುಟ್ಟಿ ನೋಡಿದಳು.

"ಕಾಲು ತಣ್ಣಗ ಆಗ್ಯಾವ ನೋಡಬೇ. ಕಾಲಚೀಲ ಹಾಕಿ ತರಬೇಕಿಲ್ಲ?" ಎಂದು ನನ್ನನ್ನು ಗದರಿ, ಆ ಪಾದವನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

ಮದುವೆಯಾದಾಗಿನಿಂದ ಇಂಥದ್ದಕ್ಕೆ ನನ್ನನ್ನು ಯಾರೂ ಗದರಿದ್ದಿಲ್ಲ. ಇನ್ನೂ ಸ್ವಲ್ಪ ಬೈದರೆ ಚೆನ್ನಾಗಿತ್ತು ಎನಿಸಿತು, ನಗಬೇಡಿ.

ಮಸ್ಕಿ ಬಂತು. ಅಜ್ಜಿ ಗೊಂಬೆಯನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟು, ದುಪ್ಪಟಿ ಸರಿಮಾಡಿ, ಮೆಚ್ಚಿಕೊಂಡಳು. "ಬಾಳ ಶಾಂತ ಕೂಸು ಬೇ. ಮಸ್ಕಿತನಾ ಒಂದು ಸಲಾನೂ ಅಳಲಿಲ್ಲ. ಯಾರ ಹಂಗ ಇದು?"

ಸರಳುಗಳ ಕಟ್ಟನ್ನು ಹೆಗಲ ಮೇಲೆ ಹೊತ್ತು ನನ್ನ ಹಿಂದೆ ನಿಂತಿದ್ದ ನನ್ನ ಗಂಡ ಬಹಳ ಗಂಭೀರವಾಗಿ ಹೇಳಿದರು. "ನನ್ನ ಹಂಗರೀ ಅಮ್ಮಾ. ಅಕಿನ ಹಂಗ ಆಗಿದ್ರ ನಿಮಗ ಕುಂದರಾಕ ಬಿಡತಿದ್ದಿಲ್ಲ."

ಸಂತೆಕಲ್ಲೂರಿನ ಜೋಳ

ಜೋಳದ ಕಾಳಿಗೆ ಹಾಲು ತುಂಬಿದ ಹೊಲದಲ್ಲಿ, ದಂಟುಗಳ ನಡುವೆ ಗೊಂಬೆ ನಡೆದುಹೋಗುತ್ತಿರುವ ಫೋಟೊ ಬೇಕೆಂದು ನನಗೆ ಬಹಳ ದಿನದ ಆಸೆ. ಸಂತೆಕಲ್ಲೂರಿನ ದಾರಿಯಲ್ಲಿ ಅಂಥ ಹೊಲ ಸಿಕ್ಕಿತು. ಒಂದು ಕಾಲು ಎತ್ತಿ ನಡೆಯುವ ಭಂಗಿಗೆ ಸರಳು ಸಾಲದು. ಎತ್ತಿದ ಕಾಲನ್ನು ಯಾರಾದರೂ ಕೆಳಗಿನಿಂದ ಹಿಡಿಯಲೇಬೇಕು. ನನ್ನ ಗಂಡ ಸಾಲುಗಳ ನಡುವೆ ಮಲಗಿದರು. ಮೇಲೆ ಒಂದಿಷ್ಟು ರವದಿ, ಎಂದರೆ ಜೋಳದ ಒಣ ಎಲೆ, ಹೊದಿಸಿದೆ, ಅಂಗಿಯ ಬಣ್ಣ ಕಾಣಬಾರದಲ್ಲ.

ಗುಬ್ಬಿಗಳು ಹಿಂಡುಹಿಂಡಾಗಿ ತೆನೆಯ ಮೇಲೆ ಇಳಿಯುತ್ತಿದ್ದವು. ಗೊಂಬೆಯ ತಲೆಯ ಮೇಲೆ ಬಾಗಿದ ತೆನೆಗಳಲ್ಲೂ ಕೂತವು. ಫೋಟೊ ಬಹಳ ಚೆನ್ನಾಗಿ ಬರುತ್ತಿತ್ತು. ಅಷ್ಟರಲ್ಲಿ ಹೊಲದ ಯಜಮಾನ ಅಟ್ಟಣಿಗೆಯಿಂದ ಇಳಿದು, ಹಕ್ಕಿ ಓಡಿಸುವ ಕವಣೆ ಕೈಯಲ್ಲಿ ಹಿಡಿದು ಬಂದ. ಕೇಳದೆ ಹೊಲದೊಳಗೆ ಬಂದದ್ದಕ್ಕೆ ಬೈಯುತ್ತಾನೆ ಎಂದುಕೊಂಡೆ. ಆತ ಬೈಯಲಿಲ್ಲ. ಗೊಂಬೆಯ ಸುತ್ತ ಒಂದು ಸುತ್ತು ಬಂದು, ಇಳಕಲ್ ಸೀರೆಯ ಸೆರಗು, ಕಿವಿಯ ಓಲೆ, ಗಾಜಿನ ಕಣ್ಣು ಎಲ್ಲ ನೋಡಿ, ನಾನು ಯಾವುದೋ ಇಲಾಖೆಯಿಂದ ಹೊಸ ನಮೂನೆಯ ಬೆದರುಗೊಂಬೆ ತಂದಿದ್ದೇನೆಂದು ತೀರ್ಮಾನಿಸಿದ. ಮುಖದಲ್ಲಿ ಬೇಸರ ಕಂಡಿತು.

ಇಷ್ಟು ಚೆಂದ ಇದ್ದರೆ ಹಕ್ಕಿ ಅಂಜುವುದಿಲ್ಲ ಮೇಡಂ, ಇನ್ನೂ ನಾಲ್ಕು ಹಕ್ಕಿ ಕರೆದುಕೊಂಡು ನೋಡಲಿಕ್ಕೆ ಬರುತ್ತವೆ ಎಂದ. ಆಫೀಸಿನಲ್ಲಿ ಕೂತು ಮಾಡಿದರೆ ಹೀಗೇ ಆಗುತ್ತದೆ, ಹೊಲಕ್ಕೆ ಬಂದು ಕೇಳಬೇಕಿತ್ತು ಎಂದೂ ಹೇಳಿದ. ನಾನು ಇದು ಬೆದರುಗೊಂಬೆ ಅಲ್ಲ ಎಂದು ಬಿಡಿಸಿ ಹೇಳಲು ಶುರು ಮಾಡಿದೆ.

ಅಷ್ಟು ಹೊತ್ತು ರವದಿಯ ಕೆಳಗೆ ಉಸಿರು ಹಿಡಿದು ಮಲಗಿದ್ದವರ ಮೂಗಿಗೆ ಧೂಳು ಹೋಯಿತು. ಸೀನುತ್ತ ಎದ್ದು ನಿಂತರು. ತಲೆಯ ಮೇಲೆ ರವದಿ, ಮುಖದ ತುಂಬ ಕರಿಮಣ್ಣು, ಒಂದು ಕೈಯಲ್ಲಿ ತಂತಿ. ಹೊಲದ ಗುಬ್ಬಿಗಳೆಲ್ಲ ಒಮ್ಮೆಲೇ ಎದ್ದು ಹಳ್ಳದ ಆಚೆ ಹೋದವು. ಮತ್ತೆ ಬರಲಿಲ್ಲ.

ಯಜಮಾನ ಹಕ್ಕಿ ಹೋದ ದಿಕ್ಕನ್ನು ನೋಡಿದ, ಇವರನ್ನು ನೋಡಿದ, ಕವಣೆಯನ್ನು ಹೆಗಲಿಗೆ ಹಾಕಿಕೊಂಡ.

"ಮೇಡಂ, ಗೊಂಬಿ ನೀವು ಒಯ್ಯಿರಿ. ಇವ್ರನ್ನ ಸುಗ್ಗಿತನಾ ಇಲ್ಲೇ ಬಿಡ್ರಿ."

ಬೆಟ್ಟದ ಮೇಲೆ ಬ್ಯಾಗು ಬಿಚ್ಚಿದ್ದು

ಮಸ್ಕಿಯ ಬೆಟ್ಟದ ಬಂಡೆಗಳ ಮೇಲೆ ಬೆಳಗಿನ ಬೆಳಕು ಚೆನ್ನಾಗಿರುತ್ತದೆ. ಬಂಡೆಗೆ ಸರಳು ಹೊಡೆಯಲು ಬರುವುದಿಲ್ಲ, ಆದ್ದರಿಂದ ಸಾಮಾನು ಹೆಚ್ಚು. ಅವತ್ತು ಒಂದು ಚಪ್ಪಟೆ ಬಂಡೆಯ ಮೇಲೆ ನಮ್ಮ ಬ್ಯಾಗು ಬಿಚ್ಚಿ ಎಲ್ಲ ಹರಡಿದ್ದೆವು. ತಾಮ್ರದ ತಂತಿ, ಕರಿ ದಾರ, ಸೂಜಿಗಳು, ಮೇಣದ ಉಂಡೆ, ಗೊಂಬೆಗೆ ಬದಲಾಯಿಸುವ ಉದ್ದ ಕೂದಲು, ಮತ್ತೆ ಸಣ್ಣ ಡಬ್ಬಿಯಲ್ಲಿ ಎರಡು ಜೊತೆ ಗಾಜಿನ ಕಣ್ಣು. ನಡುವೆ ಬಟ್ಟೆಯಿಲ್ಲದ ಗೊಂಬೆ, ಸೊಂಟಕ್ಕೆ ತಂತಿ ಸುತ್ತಿ ಮಲಗಿಸಿದ್ದೆವು.

ಬೆಳಗಿನ ವಾಕಿಂಗಿಗೆ ಬಂದಿದ್ದ ಒಬ್ಬರು ಅಲ್ಲೇ ನಿಂತರು. ಯಾವುದೋ ಆಫೀಸಿನ ನೌಕರರು, ಹೊಸ ಬೂಟು, ಕುತ್ತಿಗೆಗೆ ಟವೆಲು. ಅವರು ಬಂಡೆಯ ಮೇಲಿನ ಸಾಮಾನನ್ನು ಒಂದೊಂದಾಗಿ ನೋಡಿದರು. ಕಣ್ಣಿನ ಡಬ್ಬಿಯ ಹತ್ತಿರ ಬಂದಾಗ ಎರಡು ಹೆಜ್ಜೆ ಹಿಂದೆ ಸರಿದರು. ಯಾರಿಗೆ ಮಾಡುತ್ತಿದ್ದೀರಿ ಎಂದು ಸಣ್ಣ ದನಿಯಲ್ಲಿ ಕೇಳಿದರು.

ನನ್ನ ಗಂಡನ ಮುಂದೆ ಆಡಬಾರದ ಮಾತು ಯಾವುದಾದರೂ ಇದ್ದರೆ ಅದು ಮಾಟ. ಶಾಲೆಯಲ್ಲಿ ಪ್ರತಿ ವರ್ಷ ಮೂಢನಂಬಿಕೆಯ ಮೇಲೆ ಭಾಷಣ ಮಾಡುವುದು ಅವರೇ. ಅಲ್ಲೇ ಶುರು ಮಾಡಿದರು. ಮನುಷ್ಯನ ಮನಸ್ಸು ಹೇಗೆ ಅಂಜುತ್ತದೆ, ನಿಂಬೆಹಣ್ಣು ಹೇಗೆ ಕೆಂಪಾಗುತ್ತದೆ, ಕುಂಕುಮದಲ್ಲಿ ಏನು ಬೆರೆಸುತ್ತಾರೆ, ಬೂದಿ ಕೈಯಲ್ಲಿ ಹೇಗೆ ಬರುತ್ತದೆ, ಒಂದನ್ನೂ ಬಿಡಲಿಲ್ಲ. ಸೂರ್ಯ ಮೇಲೆ ಬಂದ, ನನ್ನ ಬೆಳಕು ಹೋಯಿತು. ನೌಕರರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, ನಡುನಡುವೆ ತಲೆಯಾಡಿಸುತ್ತ ಪೂರ್ತಿ ಕೇಳಿದರು. ಒಬ್ಬರಿಗಾದರೂ ತಿಳಿಯಿತಲ್ಲ ಎಂದು ನನ್ನ ಗಂಡನಿಗೂ ತೃಪ್ತಿಯಾಯಿತು.

ಆಮೇಲೆ ನೌಕರರು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿ, ಬೂಟು ಬಿಚ್ಚಿಟ್ಟು, ಹತ್ತಿರ ಬಂದು ಕೂತರು.

"ಇಷ್ಟೆಲ್ಲಾ ವಿದ್ಯಾ ಗೊತ್ತಿದ್ದಾವ್ರನ್ನ ನಾ ಇವತ್ತ ನೋಡಿದ್ದು ಸರ್. ನಂದೊಂದು ಟ್ರಾನ್ಸಫರ್ ಐತ್ರಿ, ಏನರ ಮಾಡಿಕೊಡ್ರಿ."

ಅತ್ತೆಯ ಕಾಡಿಗೆ

ಅತ್ತೆ ನನ್ನನ್ನು ಮಕ್ಕಳ ವಿಷಯ ಒಂದು ಸಲವೂ ಕೇಳಿದವರಲ್ಲ. ನಾವು ಡಾಕ್ಟರ ಹತ್ತಿರ ಓಡಾಡುತ್ತಿದ್ದ ವರ್ಷಗಳಲ್ಲಿ ಬುತ್ತಿ ಕಟ್ಟಿ ಕೊಡುತ್ತಿದ್ದರು, ಬಂದ ಮೇಲೆ ಬಿಸಿ ಚಹಾ ಕೊಡುತ್ತಿದ್ದರು. ಓಡಾಟ ನಿಂತ ಮೇಲೆ ಯಾಕೆ ನಿಂತಿತು ಎಂದೂ ಕೇಳಲಿಲ್ಲ. ಗೊಂಬೆ ಬಂದಾಗಲೂ ಏನೂ ಅನ್ನಲಿಲ್ಲ. ಅದಕ್ಕೇ ಅವರೆಂದರೆ ನನಗೆ ಪ್ರೀತಿ, ಸ್ವಲ್ಪ ಹೆದರಿಕೆ.

ಒಂದು ದಿನ ಆಫೀಸಿನಿಂದ ಬಂದು ನೋಡುತ್ತೇನೆ, ಗೊಂಬೆಯ ಎಡಗೆನ್ನೆಯ ಮೇಲೆ ಕಾಡಿಗೆಯ ಬೊಟ್ಟು. ಹೆಬ್ಬೆರಳಿನಿಂದ ಒತ್ತಿ ಇಟ್ಟದ್ದು, ದೊಡ್ಡದು. ಇಂಥ ಗೊಂಬೆಯ ಮೈಗೆ ಕಾಡಿಗೆ ಹತ್ತಿದರೆ ಒಳಗೆ ಇಳಿದುಬಿಡುತ್ತದೆ. ಸೋಪು, ಸ್ಪಂಜು, ಹಲ್ಲುಪುಡಿ ಎಲ್ಲ ಹಾಕಿ ಉಜ್ಜಿದೆ. ಬೊಟ್ಟು ಸ್ವಲ್ಪ ಮಾಸಿತು, ಹೋಗಲಿಲ್ಲ. ಕೊನೆಗೆ ಅತ್ತೆಯ ಮುಂದೆ ಗೊಂಬೆಯನ್ನು ಹಿಡಿದುಕೊಂಡು ನಿಂತೆ. ಹರಕೆ ಬಿಟ್ಟ ಮನೆಯಲ್ಲಿ ದೃಷ್ಟಿ ಬೊಟ್ಟು ಎಲ್ಲಿಂದ ಬಂತು ಎಂದು ಕೇಳಬೇಕೆಂದಿದ್ದೆ.

ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ವಾರವಾರ ಹೊರಗ ಒಯ್ತೀರಿ, ಮಂದಿ ಕಣ್ಣು ಎಲ್ಲಾ ಒಂದ ನಮೂನಿ ಇರತಾವೇನು?" ಎಂದರು. ಮೊರದ ಆ ಕಡೆ ಕೂತು ನಾನೂ ಅಕ್ಕಿ ಆರಿಸಿದೆ.

ಅಂದಿನಿಂದ ಎಡಗೆನ್ನೆ ಕಾಣದ ಹಾಗೆ ಬಲಗಡೆಯಿಂದಲೇ ಫೋಟೊ ತೆಗೆಯತೊಡಗಿದೆ. ಅತ್ತೆ ಫೋನು ಇಸಿದುಕೊಂಡು ಒಂದೊಂದೇ ಸರಿಸಿ ನೋಡಿದರು. ಮಗನನ್ನು ಕರೆದು ನನ್ನ ಮೇಲೆ ಚಾಡಿ ಹೇಳಿದರು.

"ನಿನ್ನ ಹೆಣ್ತಿ ಬೊಟ್ಟು ಮುಚ್ಚಿಡಾಕತ್ತಾಳ. ನಾಳೆ ಇನ್ನೊಂದು ಕೆನ್ನಿಗೂ ಇಡತೀನಿ."

ದಢೇಸುಗೂರಿನ ಬೇವು

ದಢೇಸುಗೂರಿನ ಕಾಲುವೆಯ ದಂಡೆಯ ಮೇಲೆ ಒಂದು ಒಂಟಿ ಬೇವಿನ ಮರ ಇದೆ. ಕೆಳಗೆ ನೀರು, ಆಚೆ ಭತ್ತದ ಗದ್ದೆ. ಅದರ ಕೊಂಬೆಗೆ ಸಣ್ಣ ಜೋಕಾಲಿ ಕಟ್ಟಿ ಗೊಂಬೆಯನ್ನು ಕೂರಿಸಿದೆವು. ಹಲಗೆಗೆ ನಾಲ್ಕು ಕಡೆ ಗಾಳದ ದಾರ, ಗೊಂಬೆಯ ಬೆನ್ನಿಗೆ ಒಂದು ದಾರ. ಅದರ ತುದಿಯನ್ನು ಹಿಡಿದು ನನ್ನ ಗಂಡ ದಂಡೆಯ ಮೇಲೆ ಉದ್ದಕ್ಕೆ ಬೋರಲು ಮಲಗಿದರು. ನಾನು ಮೊಣಕಾಲೂರಿ, ಫೋನನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದು ಕಾದೆ. ಗಾಳಿ ಬಂದಾಗಲೆಲ್ಲ ತಲೆ ಬಗ್ಗಿಸುತ್ತಿದ್ದೆ, ಧೂಳಿಗೆ.

ಗದ್ದೆಯಲ್ಲಿ ಹೆಂಗಸರು ಸಸಿ ಹಚ್ಚುತ್ತಿದ್ದರು. ಅಷ್ಟು ದೂರದಿಂದ ಅವರಿಗೆ ಗಾಳದ ದಾರ ಕಾಣುವುದಿಲ್ಲ, ಫೋನೂ ಕಾಣುವುದಿಲ್ಲ. ಕಂಡದ್ದು ಇಷ್ಟು. ಗಂಡ ಹೆಂಡತಿ ಬಂದರು, ಗಿಡಕ್ಕೆ ಕೂಸಿನಂಥ ಗೊಂಬೆ ಕಟ್ಟಿದರು, ಗಂಡ ನೆಲಕ್ಕೆ ಮೈ ಚಾಚಿ ದೀಡ ನಮಸ್ಕಾರ ಹಾಕಿ ಮೇಲೇಳಲಿಲ್ಲ, ಹೆಂಡತಿ ಮೊಣಕಾಲೂರಿ ತಲೆ ಬಗ್ಗಿಸಿ ಕೈ ಮುಗಿದಳು. ನಮ್ಮ ಸೀಮೆಯಲ್ಲಿ ಮಕ್ಕಳಾಗದವರು ತೊಟ್ಟಿಲು ಕಟ್ಟಿ ಹರಕೆ ಹೊರುವುದು ಇದ್ದದ್ದೇ. ಅವರಿಗೆ ಅನುಮಾನವೇ ಬರಲಿಲ್ಲ.

ಗಾಳಿ ಜೋರಾಯಿತು. ಗೊಂಬೆಯನ್ನು ಬಿಚ್ಚಿಕೊಂಡೆವು, ದಾರ ಗಂಟಾಗಿ ಜೋಕಾಲಿ ಮಾತ್ರ ಬಿಚ್ಚಲಾಗಲಿಲ್ಲ. ಮುಂದಿನ ಸಲ ಬೇಕಾಗುತ್ತದೆ ಎಂದು ಹಾಗೇ ಬಿಟ್ಟು ಬಂದೆವು.

ಮುಂದಿನ ಸಲ ಹೋದಾಗ ಜೋಕಾಲಿಯ ಪಕ್ಕ ಒಂದು ಪುಟ್ಟ ತೊಟ್ಟಿಲು ತೂಗುತ್ತಿತ್ತು. ಕುಪ್ಪಸಕ್ಕೆ ಕೊಡುವ ಹಸಿರು ಕಣದ ತುಂಡುಗಳು, ಬಳೆಗಳು, ಇನ್ನೂ ನಾಲ್ಕೈದು ತೊಟ್ಟಿಲು. ಬುಡದಲ್ಲಿ ಅರಿಷಿಣ ಕುಂಕುಮ. ನಮ್ಮ ಜೋಕಾಲಿಗೆ ಮಾಲೆ ಹಾಕಿದ್ದರು. ನನ್ನ ಗಂಡ ಹೆಗಲ ಮೇಲಿನ ಸರಳುಗಳನ್ನು ಕೆಳಗಿಟ್ಟು, ಆ ಮರವನ್ನು ಬಹಳ ಹೊತ್ತು ನೋಡಿದರು. ಹರಕೆ ಬಿಟ್ಟ ಮನೆಯ ಮಗ, ಮೂಢನಂಬಿಕೆಯ ಭಾಷಣಕಾರ. ಅವರ ಮುಖ ನೋಡಿ ನನಗೆ ಅಯ್ಯೋ ಎನಿಸಿತು.

ಅಲ್ಲೇ ಒಬ್ಬ ಹೆಂಗಸು ಕೊಂಬೆಗೆ ತೊಟ್ಟಿಲು ಕಟ್ಟುತ್ತಿದ್ದಳು. ಗದ್ದೆಯ ಕೆಲಸದವಳು, ಮೊಣಕಾಲಿನವರೆಗೆ ಕೆಸರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ಅಕ್ಕಾ ಎಂದು ಕೈ ಹಿಡಿದುಕೊಂಡಳು. ಎಷ್ಟು ವರ್ಷ ಆಯಿತು ಎಂದು ಕೇಳಿದಳು. ಏನು ಎಷ್ಟು ವರ್ಷ ಎಂದು ನಾನು ಕೇಳಬೇಕಾಗಿರಲಿಲ್ಲ. ಹೇಳಿದೆ. ತನ್ನದೂ ಹೇಳಿದಳು. ಮನೆಯವರು ಗಂಡನಿಗೆ ಇನ್ನೊಂದು ಮದುವೆ ಮಾಡುವ ಮಾತಾಡುತ್ತಿದ್ದಾರೆ ಎಂದಳು. ಪಾಪ ಎನ್ನಲಿಲ್ಲ ಅವಳು, ನಾನೂ ಎನ್ನಲಿಲ್ಲ.

ಆದರೂ ನಿಜ ಹೇಳಬೇಕಿತ್ತು, ಹೇಳಿದೆ. ಇದು ಫೋಟೊಗೆ ಕಟ್ಟಿದ ಜೋಕಾಲಿ, ಇಲ್ಲಿ ಯಾವ ದೇವರೂ ಇಲ್ಲ, ಅವರು ನಮಸ್ಕಾರ ಹಾಕಿದ್ದಲ್ಲ ದಾರ ಹಿಡಿದದ್ದು ಎಂದು. ಗೊಂಬೆಯನ್ನೂ ತಂತಿಯನ್ನೂ ತೋರಿಸಿದೆ. ಗಂಡನನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋಗು, ನಾವು ಸುತ್ತಿದ ಹಾಗೆ ಸುತ್ತಬೇಡ, ಸಿಂಧನೂರಿನಲ್ಲಿ ಒಬ್ಬ ಒಳ್ಳೆಯ ಲೇಡಿ ಡಾಕ್ಟರ್ ಇದ್ದಾರೆ ಎಂದು ನನ್ನ ಫೋನ್ ನಂಬರನ್ನೂ ಕೊಟ್ಟೆ. ಅವಳು ಎಲ್ಲ ಕೇಳಿ, ನಂಬರ್ ಬರೆಸಿಕೊಂಡು, ಮತ್ತೆ ತೊಟ್ಟಿಲಿನ ಗಂಟು ಬಿಗಿಯತೊಡಗಿದಳು. ಹೇಳಿದ್ದು ತಿಳಿಯಿತಲ್ಲ ಎಂದೆ.

"ತಿಳೀತಕ್ಕಾ. ಎಲ್ಲಾ ಗುಡಿಗೂ ಹೋಗಿ ಬಂದೀನಿ, ಅಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಈ ಗಿಡದಾಗ ನೀವರ ಮಾತಾಡಿದ್ರಿ. ಇನ್ನೊಂದು ಗಂಟು ಹಾಕತೀನಿ ತಡೀರಿ."

ಹಿಡಿದ ಕೈ

ವರ್ಷ ಕಳೆದು, ಭತ್ತದ ಕೊಯ್ಲು ಮುಗಿದಿತ್ತು. ಅವಳ ಫೋನ್ ಬಂತು. ಹೆಣ್ಣು ಕೂಸು, ಮೂರು ತಿಂಗಳಾಗಿದೆ, ಗೊಂಬೆ ತೆಗೆದುಕೊಂಡು ಇಬ್ಬರೂ ಗಿಡದ ಹತ್ತಿರ ಬರಲೇಬೇಕು ಎಂದಳು. ನಾನು ಆಫೀಸಿನಲ್ಲಿದ್ದೆ. ಫೋನಿಟ್ಟ ಮೇಲೆ ಕಟ್ಟಡದ ಹಿಂದೆ ಹೋಗಿ ಅತ್ತು ಬಂದೆ. ಸಂತೋಷವಾಗಿತ್ತು. ಹೊಟ್ಟೆ ಉರಿಯಿತು ಕೂಡ. ಎರಡೂ ನಿಜ.

ಭಾನುವಾರ ಹೋದೆವು. ಅವಳು ಮೊದಲು ನಮ್ಮ ಬಾಯಿಗೆ ಪೇಡೆ ಹಾಕಿದಳು. ಡಾಕ್ಟರಿಗೂ ಕೊಟ್ಟು ಬಂದಿದ್ದಳಂತೆ, ಬೇವಿನ ಬುಡದಲ್ಲೂ ಎರಡು ಇಟ್ಟಿದ್ದಳು. ಯಾರಿಂದ ಆಯಿತ್ರೀ ಎಂದು ನನ್ನ ಗಂಡ ವಿಜ್ಞಾನದ ಮಾಸ್ತರರಾಗಿ ಕೇಳಿದರು. ಯಾರಿಗೂ ಬೇಸರ ಆಗಬಾರದಲ್ಲ ಸರ್ ಎಂದಳು. ಅವರು ಇನ್ನೊಂದು ಪೇಡೆಗೆ ಕೈ ಚಾಚಿದರು.

ತೊಟ್ಟಿಲು ಕಟ್ಟಿದ ದಿನ ಅವಳು ಗಿಡದ ಮುಂದೆ ಎರಡು ಮಾತು ಬೇಡಿಕೊಂಡಿದ್ದಳಂತೆ. ಗೊಂಬೆ ಕೂತ ಜೋಕಾಲಿಯ ಮೇಲೆ ತನ್ನ ಕೂಸನ್ನು ಕೂರಿಸುವುದು, ಫೋಟೊ ತೆಗೆಸುವುದು, ಇದು ಒಂದು. ಮೂರು ತಿಂಗಳ ಕೂಸಿಗೆ ಕುತ್ತಿಗೆ ಇನ್ನೂ ನಿಂತಿರಲಿಲ್ಲ. ತಾಯಿ ಹಿಡಿದರೆ ತಾಯಿ ಕಾಣುತ್ತಾಳೆ, ಗೊಂಬೆ ಕೂತ ಹಾಗೆ ಒಬ್ಬಳೇ ಕೂತಂತೆ ಕಾಣಬೇಕು. ನನ್ನ ಗಂಡ ಚಪ್ಪಲಿ ಬಿಚ್ಚಿದರು. ಜೋಕಾಲಿಯ ಹಿಂದೆ ಮೊಣಕಾಲೂರಿ ಕೂತು, ತಲೆಯ ಮೇಲೆ ಹಸಿರು ದುಪ್ಪಟಿ ಹೊದ್ದುಕೊಂಡು, ಎರಡೂ ಕೈ ಮೇಲೆ ಚಾಚಿದರು. ಅವಳು ಕೂಸನ್ನು ಆ ಕೈಗಳಲ್ಲಿ ಇಟ್ಟಳು. ಇಷ್ಟು ವರ್ಷ ಗೊಂಬೆ ಹಿಡಿದ ಕೈ, ಒಂದು ಬೆರಳೂ ಅಲುಗಲಿಲ್ಲ. ಒಂದು ಅಂಗೈ ಬೆನ್ನಿಗೆ, ಇನ್ನೊಂದು ಕತ್ತಿನ ಕೆಳಗೆ. ಕೂಸಿನ ಎರಡೂ ಕೆನ್ನೆಗೆ ಕಾಡಿಗೆ ಇತ್ತು. ಅತ್ತೆ ಬಂದಿದ್ದರೆ ಮೆಚ್ಚುತ್ತಿದ್ದರು.

ನಾನು ಗೊಂಬೆಯನ್ನು ಬೇವಿನ ಬುಡಕ್ಕೆ ಒರಗಿಸಿ ಮೊಣಕಾಲೂರಿದೆ. ಗಾಳಿಗೆ ಗೊಂಬೆ ಪಕ್ಕಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

ಆಗ ಅವಳು ಎರಡನೆಯ ಮಾತು ಹೇಳಿದಳು. ತೊಟ್ಟಿಲಲ್ಲಿ ಹಾಕಿದಾಗ ಸುಮ್ಮನೆ ಒಂದು ಹೆಸರು ಕರೆದಿದ್ದರಂತೆ. ಖರೇ ಹೆಸರು ಈ ಗಿಡದ ಕೆಳಗೇ ಇಡಬೇಕು, ಗೊಂಬೆಯ ಹೆಸರನ್ನೇ ಇಡಬೇಕು. "ನಿಮ್ಮ ಗೊಂಬಿ ಹೆಸರೇನಕ್ಕಾ?"

ನಾನು ಫೋನನ್ನು ಕೆಳಗೆ ಇಳಿಸಿದೆ. ಅದಕ್ಕೆ ಹೆಸರಿಲ್ಲ ಎಂದೆ. ಬಹಳ ಮೆಲ್ಲಗೆ ಹೇಳಿದೆನೇನೋ, ಅವಳಿಗೆ ಕೇಳಿಸಲಿಲ್ಲ. ಅವಳು ಕಾಯುತ್ತ ನಿಂತಳು. ಮಕ್ಕಳಿಲ್ಲ ಎಂದು ಸಾವಿರ ಜನರಿಗೆ ಗಟ್ಟಿಯಾಗಿ ಹೇಳಿದ್ದೇನೆ, ಈ ಒಂದು ಮಾತನ್ನು ಇನ್ನೊಂದು ಸಲ ಹೇಳಲು ಬಾಯಿ ಬರಲಿಲ್ಲ.

"ಸುಜಾತಾ" ಎಂದಿತು ಹಸಿರು ದುಪ್ಪಟಿ.

ಯೋಚಿಸಿ ಹೇಳಿದ್ದಲ್ಲ ಅದು. ದಿನಾ ಕರೆಯುವ ಹೆಸರನ್ನು ಹೇಳುವ ಹಾಗೆ ಹೇಳಿದರು. ಮದುವೆಯಾದ ಹೊಸದರಲ್ಲಿ, ಮಗಳಾದರೆ ಇಡೋಣ ಎಂದು ನಾವಿಬ್ಬರೂ ಆರಿಸಿ ಇಟ್ಟುಕೊಂಡಿದ್ದ ಹೆಸರು. ಆಮೇಲೆ ಅದನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮರೆತಿದ್ದಾರೆ ಎಂದುಕೊಂಡಿದ್ದೆ. ಗೊಂಬೆಯ ಪಾದ ಹಿಡಿದು ಜೋಳದಲ್ಲಿ ಮಲಗಿದಾಗ, ಬಂಡೆಯ ಹಿಂದೆ ಅಡಗಿದಾಗ, ನನಗೆ ಕಾಣದ ಜಾಗದಲ್ಲಿ ಇವರು ಅದನ್ನು ಏನೆಂದು ಕರೆಯುತ್ತಿದ್ದರು ಎನ್ನುವುದು ನನಗೆ ಆಗ ತಿಳಿಯಿತು.

ತಾಯಿ ಕೂಸಿನ ಕಿವಿಯಲ್ಲಿ ಮೂರು ಸಲ ಆ ಹೆಸರು ಹೇಳಿದಳು. ನನ್ನ ಕಣ್ಣು ತುಂಬಿ ಫೋನಿನಲ್ಲಿ ಏನೂ ಕಾಣುತ್ತಿರಲಿಲ್ಲ. ಒರೆಸಿಕೊಂಡೆ, ಮತ್ತೆ ತುಂಬಿತು. ದುಪ್ಪಟಿಯ ಒಳಗೆ ಅವರೂ ಅಳುತ್ತಿದ್ದಾರೆ ಎಂದು ನಾನು ಇನ್ನಷ್ಟು ಅತ್ತೆ. ಕೊನೆಗೆ ಒಳಗಿನಿಂದ, ತರಗತಿಯಲ್ಲಿ ಪಾಠ ಹೇಳುವ ಅದೇ ದನಿಯಲ್ಲಿ ಮಾತು ಬಂತು.

"ಫೋಟೊ ಲಗೂ ತೆಗಿ. ಸುಜಾತಾ ನನ್ನ ತೋಳಿನೊಳಗ ಉಚ್ಚಿ ಹೊಯ್ಯಾಕತ್ತಾಳ, ಮಣಕೈ ದಾಟಿ ಬಗಲಿಗೆ ಬಂದೈತಿ."

ಕೈ ಮಾತ್ರ ಅಲುಗಲಿಲ್ಲ. ನಕ್ಕು ನಕ್ಕು ನನ್ನ ಫೋನು ಅಲುಗಿ, ಚೌಕಟ್ಟು ಕೆಳಗೆ ಸರಿದು, ಹಲಗೆಯ ಅಂಚಿನಲ್ಲಿ ಅವರ ಎರಡೂ ಕೈ ಮಣಿಕಟ್ಟಿನವರೆಗೆ ಫೋಟೊದಲ್ಲಿ ಬಂದವು, ತೊಟ್ಟಿಕ್ಕುತ್ತಿದ್ದವು. ನಾನು ಆ ಭಾಗವನ್ನು ಕತ್ತರಿಸಲಿಲ್ಲ. ಒಂದು ಪ್ರತಿ ಅವಳಿಗೆ ಕೊಟ್ಟೆ, ಇನ್ನೊಂದನ್ನು ನಮ್ಮ ಗೋಡೆಗೆ ಅತ್ತೆಯೇ ಹಾಕಿಸಿದರು. ಈಗ ಮನೆಗೆ ಬಂದವರು ಊಟ ಆಯಿತೇ ಎಂದು ಕೇಳಿದ ಮೇಲೆ ಮಕ್ಕಳೆಷ್ಟು ಎಂದು ಕೇಳುವುದಿಲ್ಲ. ಆ ಒದ್ದೆ ಕೈ ಯಾರವು ಎಂದು ಕೇಳುತ್ತಾರೆ.